ಸಸಿ ನೆಟ್ಟ ಮೇಲೆ ಬರುವ ಬೇಸಿಗೆ

ಊರ ಕೆಲಸಕ್ಕೆ ಸಂಬಳವಿಲ್ಲದೆ ಕೈ ಹಾಕುವವರಿಗೆ ದಾವಣಗೆರೆಯಲ್ಲಾಗಲಿ, 14 ಕಿಲೋಮೀಟರು ಆಚೆಯ ಹರಿಹರದಲ್ಲಾಗಲಿ ಬರವಿಲ್ಲ. ಯಾವ ವರ್ಷವನ್ನಾದರೂ ತೆಗೆದುಕೊಳ್ಳಿ. ಸಂಕ್ರಾಂತಿಗೆ ಮೊದಲು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳ ಹೆಣ್ಣುಮಕ್ಕಳು ಪೊರಕೆ ಹಿಡಿದು ಗುಡಿಗಳ ಅಂಗಳಕ್ಕೆ ಬರುತ್ತಾರೆ. ಆಗಸ್ಟ್ 15ಕ್ಕೆ ಮೊದಲು ಮತ್ತೊಮ್ಮೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ಜೂನ್ 5ಕ್ಕೆ ಸಸಿ ನೆಡುವುದು. ಸೆಪ್ಟೆಂಬರ್ 24 ಎನ್ನೆಸ್ಸೆಸ್ ದಿನ, ಬೆನ್ನಿಗೇ ಗಾಂಧಿ ಜಯಂತಿಯ ಸ್ವಚ್ಛತೆ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದರೊಳಗೇ 19ರಿಂದ 25ರವರೆಗೆ ಪರಂಪರೆ ಸಪ್ತಾಹ. ಇವುಗಳ ನಡುವೆ ಕಾಲೇಜುಗಳ ಏಳು ದಿನದ ಶಿಬಿರಗಳು, ರಕ್ತದಾನ, ನದಿ ದಂಡೆಯ ಶ್ರಮದಾನ.

ಇಷ್ಟೆಲ್ಲ ನಡೆದರೂ ಈ ಕೆಲಸವನ್ನು ಯಾರೂ ವಿಮರ್ಶಿಸುವುದಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ನಾಟಕ ಬಿಟ್ಟ ಮೇಲೆ ಚಹದ ಅಂಗಡಿಯಲ್ಲಿ ನಿಂತು ಪಾತ್ರ ಪಾತ್ರವನ್ನೂ ಒರೆಗೆ ಹಚ್ಚುತ್ತಿದ್ದ ಊರು. ಸೇವೆಯ ವಿಷಯಕ್ಕೆ ಬಂದರೆ ಮಾತ್ರ, ಮಾಡಿದರಲ್ಲ ಪಾಪ, ಅದೇ ದೊಡ್ಡದು ಎಂದು ಬಿಟ್ಟುಬಿಡುತ್ತೇವೆ. ಅದು ಕೆಲಸಕ್ಕೆ ತೋರುವ ಗೌರವವಲ್ಲ. ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿದ ಹತ್ತೊಂಬತ್ತರ ಹುಡುಗಿಗೆ ತನ್ನ ದುಡಿಮೆಯಿಂದ ಏನು ಉಳಿಯಿತು ಎಂದು ತಿಳಿಯುವ ಹಕ್ಕಿದೆ. ಆದ್ದರಿಂದ ಈ ಒಂದು ವರ್ಷದ ಕೆಲಸವನ್ನು, ಅದರ ಮೇಲಿನ ಪ್ರೀತಿಯಿಂದಲೇ, ಗುಣದೋಷ ನೋಡಿ ತೂಗಬೇಕೆನ್ನಿಸಿದೆ. ನನ್ನ ಮುಖ್ಯ ತಕರಾರು ಒಂದೇ: ನಮ್ಮ ಸೇವೆಯ ವರ್ಷವನ್ನು ಆಚರಣೆಯ ದಿನಗಳು ಗೊತ್ತುಮಾಡುತ್ತಿವೆ. ಮರ, ನದಿ, ಕಲ್ಲು ಇವುಗಳಿಗೆ ಯಾವಾಗ ಏನು ಬೇಕು ಎಂಬುದು ಗೊತ್ತುಮಾಡುತ್ತಿಲ್ಲ.

ಸಸಿಯನ್ನೇ ನೋಡೋಣ. ಜೂನ್ 5ರ ಹೊತ್ತಿಗೆ ಮಲೆನಾಡಿನಲ್ಲಿ ಮೋಡ ಕಟ್ಟಿರಬಹುದು. ದಾವಣಗೆರೆಯಲ್ಲಿ ಮುಂಗಾರು ಆಗತಾನೆ ಬಂದಿರುತ್ತದೆ ಅಥವಾ ಬಂದೇ ಇರುವುದಿಲ್ಲ. ಭದ್ರಾ ಕಾಲುವೆಯಿಂದ ಸುತ್ತಲಿನ ಗದ್ದೆ ಹಸಿರಾಗಿದೆ ನಿಜ, ಆದರೆ ರಸ್ತೆ ಬದಿಯ ಗುಂಡಿಗೆ ಕಾಲುವೆ ನೀರು ಬರುವುದಿಲ್ಲ. ಮಳೆಗಾಲವನ್ನು ಹೇಗೋ ದಾಟಿದ ಸಸಿಗೆ ನಿಜವಾದ ಪರೀಕ್ಷೆ ಫೆಬ್ರವರಿಯ ನಂತರ. ಆಗ ವಾರಕ್ಕೆ ಎರಡು ಬಿಂದಿಗೆ ನೀರು ಹಾಕುವವರು ಬೇಕು. ಅದೇ ಹೊತ್ತಿಗೆ ಕಾಲೇಜಿನಲ್ಲಿ ಪರೀಕ್ಷೆ, ಆಮೇಲೆ ರಜೆ. ನೆಟ್ಟ ಕೈಗಳೆಲ್ಲ ಊರು ಬಿಟ್ಟಿರುತ್ತವೆ.

ಬದುಕಿ ಉಳಿದ ಗಿಡಗಳು ಎಲ್ಲಿವೆ ಎಂದು ಪಿ.ಬಿ. ರಸ್ತೆಯ ಉದ್ದಕ್ಕೆ ನೋಡಿಕೊಂಡು ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚಹದಂಗಡಿ, ಪಂಚರ್ ಅಂಗಡಿ, ಕ್ಷೌರದಂಗಡಿಗಳ ಮುಂದಿನ ಗಿಡಗಳು ಮೇಲೆದ್ದಿವೆ. ಲೋಟ ತೊಳೆದ ನೀರು, ಟ್ಯೂಬು ಅದ್ದಿದ ತೊಟ್ಟಿಯ ನೀರು ಅವುಗಳ ಬುಡಕ್ಕೆ ಹೋಗುತ್ತದೆ; ನೆರಳು ಬಂದರೆ ಅಂಗಡಿಯವನಿಗೇ ಲಾಭ. ಅವನ ಹೆಸರು ಯಾವ ಸ್ವಯಂಸೇವಕರ ಪಟ್ಟಿಯಲ್ಲೂ ಇಲ್ಲ. ನೆಡುವ ಮುನ್ನ ಅವನನ್ನು ಮಾತಾಡಿಸಿ, ಎಲ್ಲಿ ಬೇಕು, ಯಾವ ಗಿಡ ಬೇಕು ಎಂದು ಕೇಳಿದ ತಂಡಗಳೂ ಇವೆ. ಅವುಗಳ ಕೆಲಸವೇ ನಿಂತಿರುವುದು. ಉಳಿದ ಕಡೆ ಕಬ್ಬಿಣದ ಬಲೆ ಇದೆ, ಪ್ರಾಯೋಜಕರ ಹೆಸರಿನ ಫಲಕ ಇದೆ, ಒಳಗೆ ಒಣಕಡ್ಡಿ. ಎನ್ನೆಸ್ಸೆಸ್ ನಿಯಮದ ಪ್ರಕಾರ ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ಒಂದು ಶಿಬಿರ ಮುಗಿಸಬೇಕು. ಒಳ್ಳೆಯ ನಿಯಮವೇ. ಆದರೆ ಅದು ಅಳೆಯುವುದು ವಿದ್ಯಾರ್ಥಿಯ ಗಂಟೆಯನ್ನು. ಆ 120ರಲ್ಲಿ ಮೂವತ್ತು ಗಂಟೆಯನ್ನು ಹಿಂದಿನ ವರ್ಷದವರು ನೆಟ್ಟ ಗಿಡಕ್ಕೆ ಮೀಸಲಿಟ್ಟರೆ ನಿಯಮ ಮುರಿಯುವುದಿಲ್ಲ, ಗಿಡ ಉಳಿಯುತ್ತದೆ.

ಇನ್ನು ನದಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕೂಡಲೂರು ಎಂಬ ಹಳೆಯ ಹೆಸರು ಬಂದದ್ದು ಆ ಸಂಗಮದಿಂದ. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣಗಳ ಮಾರನೆಯ ದಿನ ಅಲ್ಲಿಯ ಮೆಟ್ಟಿಲಿಗೆ ಹೋದರೆ ಏನೇನು ಸಿಗುತ್ತದೆ ಎಂಬುದು ಶ್ರಮದಾನ ಮಾಡಿದವರಿಗೆಲ್ಲ ಗೊತ್ತು: ಮಿಂದವರು ಬಿಟ್ಟುಹೋದ ಪಂಚೆ, ಸೀರೆ, ಒಳಉಡುಪು, ಕಟ್ಟು ಹಾಕಿದ ದೇವರ ಪಟಗಳು, ಶಾಂಪೂ ಚೀಟಿಗಳು. ನೀರಲ್ಲಿ ನೆನೆದು ಮರಳು ತುಂಬಿಕೊಂಡ ಒಂದು ಸೀರೆಯನ್ನು ಮೇಲೆಳೆಯಲು ಇಬ್ಬರು ಬೇಕು. ಪಟದ ಗಾಜು ಒಡೆದು ಕೈ ಕುಯ್ಯುತ್ತದೆ. ಈ ಕೆಲಸ ಮಾಡಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶೃಂಗೇರಿಯಿಂದ 2024ರ ನವೆಂಬರಿನಲ್ಲಿ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಮೊದಲ ಹಂತ ಮುಗಿಸಿದ್ದು ಹರಿಹರದಲ್ಲೇ. ದಾರಿಯುದ್ದಕ್ಕೂ ಶಾಲೆಯ ಮಕ್ಕಳಿಗೆ ನದಿಯ ಮಾತು ತಲುಪಿಸಿದ್ದು ಸಣ್ಣ ಸಾಧನೆಯಲ್ಲ.

ಆದರೂ ದಂಡೆಯ ಮೇಲಿನ ಕೆಲಸ ಕಣ್ಣಿಗೆ ಕಾಣುವ ಕಸದ ಹತ್ತಿರವೇ ನಿಂತುಬಿಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಹರಿವುಗಳನ್ನು ಗುರುತಿಸಿತು. ಅದರಲ್ಲಿ ಕರ್ನಾಟಕದವು 17, ತುಂಗಭದ್ರೆಯಲ್ಲಿ ಹರಿಹರದಿಂದ ಕೆಳಗಿನ ಭಾಗ ಅವುಗಳಲ್ಲೊಂದು. ನದಿಯನ್ನು ಆ ಪಟ್ಟಿಗೆ ಸೇರಿಸಿದ್ದು ಸೀರೆ ಪಂಚೆಗಳಲ್ಲ. ನೀರಿನಲ್ಲಿ ಕರಗಿ ಬರುವ, ಚೀಲಕ್ಕೆ ತುಂಬಲಾಗದ ಕೊಳಕು ಅದು. ಊರುಗಳ ಚರಂಡಿಯದು, ಕಾರ್ಖಾನೆಗಳದು. ಆರತಿಗೆಂದು ಹರಿಹರದ ದಂಡೆಯಲ್ಲಿ 108 ಯೋಗ ಮಂಟಪ ಕಟ್ಟುವ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಆರತಿ ಎತ್ತುವ ನೀರಿಗೆ ಯಾವ ಯಾವ ಚರಂಡಿ ಎಲ್ಲಿ ಬಂದು ಬೀಳುತ್ತದೆ ಎಂಬ ಒಂದು ನಕ್ಷೆಯನ್ನು ಹತ್ತು ವಿದ್ಯಾರ್ಥಿಗಳು ಒಂದೇ ಶಿಬಿರದಲ್ಲಿ ತಯಾರಿಸಬಲ್ಲರು. ನಗರಸಭೆಯ ಮುಂದೆ ಆ ನಕ್ಷೆ ಇಟ್ಟು ಕೇಳುವ ಪ್ರಶ್ನೆಗೆ ನೂರು ಚೀಲ ಕಸಕ್ಕಿಲ್ಲದ ಬಲ ಇರುತ್ತದೆ. ಅಂಥದು ಶಿಬಿರದ ಕಾರ್ಯಕ್ರಮದಲ್ಲಿ ಬರುವುದೇ ಇಲ್ಲ. ಪ್ರಶ್ನೆ ಕೇಳುವುದು ಸೇವೆಯಲ್ಲ, ರಾಜಕೀಯ ಎಂಬ ಅಳುಕು ನಮ್ಮ ಸಂಘ ಸಂಸ್ಥೆಗಳನ್ನು ಹಿಡಿದಿಟ್ಟಿದೆ.

ಈ ನದಿಯ ದಂಡೆಯ ಜನ ಒಂದು ಕಾಲಕ್ಕೆ ಆ ಅಳುಕನ್ನು ಬಿಟ್ಟಿದ್ದರು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ದನ ಮೇಯುವ ಗೋಮಾಳ, ಸೌದೆ ಸೊಪ್ಪು ಸಿಗುವ ಕುರುಚಲು ಎಲ್ಲ ಅದರೊಳಗೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿ ಹಳ್ಳಿ ತಿರುಗಿ ಜನರನ್ನು ಸೇರಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ಊರಿಗೆ ಬೇಕಾದ ಹಣ್ಣಿನ, ಮೇವಿನ, ಸೌದೆಯ ಸಸಿ ನೆಟ್ಟರು. 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಸಸಿ ನೆಡುವುದನ್ನು ಸ್ವಯಂಸೇವೆ ಎನ್ನುವುದಾದರೆ ನಮ್ಮ ಭಾಗ ಕಂಡ ಅತ್ಯುತ್ತಮ ಸ್ವಯಂಸೇವೆ ಅದು. ಅಲ್ಲಿ ಮೊದಲು ಪ್ರಶ್ನೆ ಇತ್ತು, ಸಸಿ ಅದಕ್ಕೆ ಉತ್ತರವಾಗಿ ಬಂತು. ನೆಡುವವರೂ ನೀರು ಹಾಕುವವರೂ ಅದರ ಮೇವು ತರುವವರೂ ಒಬ್ಬರೇ ಆಗಿದ್ದರು. ಇಂದಿನ ಜೂನ್ 5ರ ಕಾರ್ಯಕ್ರಮವನ್ನು ನಾನು ತೂಗುವುದು ಇದರ ಎದುರಿಟ್ಟು. ಕಠಿಣ ಅಳತೆ ಎನ್ನಿಸಬಹುದು. ನಮ್ಮದೇ ಜನ ಮಾಡಿ ತೋರಿಸಿದ ಮೇಲೆ ಅದಕ್ಕಿಂತ ಕೆಳಗಿನ ಅಳತೆ ಯಾಕೆ?

ಕಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಹರಿಹರೇಶ್ವರ ಗುಡಿಯನ್ನು ಕಟ್ಟಿಸಿದ್ದು 1224ರ ಸುಮಾರಿಗೆ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಸೇರ್ಪಡೆ ಮಾಡಿದ. ಸೋಮನಾಥಪುರದ ಗುಡಿ ಕಟ್ಟಿಸಿದವನೂ ಈ ಸೋಮನೇ. ಬಲಕ್ಕೆ ಶಿವ, ಎಡಕ್ಕೆ ವಿಷ್ಣು ಆದ ಒಂದೇ ಮೂರ್ತಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯ ಗುಡಿಯಾದ್ದರಿಂದ ಸುತ್ತಲ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಕಲ್ಲಿಗೆ ಕೈ ಹಚ್ಚಲೂ ಅನುಮತಿ ಬೇಕು. ಅಲ್ಲಿ ಸ್ವಯಂಸೇವಕರು ಅಂಗಳ ಗುಡಿಸಬಹುದು, ಬಂದವರಿಗೆ ವಿವರ ಹೇಳಬಹುದು. ಅದಕ್ಕೇ ತೃಪ್ತಿಪಟ್ಟುಕೊಳ್ಳಬೇಕು.

ಅಪಾಯ ಇರುವುದು ಯಾರ ರಕ್ಷಣೆಯೂ ಇಲ್ಲದ ಕಲ್ಲುಗಳಿಗೆ. ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಹನುಮಂತನ ಗುಡಿಯ ಪಕ್ಕ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ. ಅಂಥ ಒಂದು ಕಲ್ಲನ್ನು ಶಿಬಿರದ ಮಕ್ಕಳು ತೊಳೆಯುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಮಕ್ಕಳಿಗೆ ಉತ್ಸಾಹವೋ ಉತ್ಸಾಹ. ಕೈಯಲ್ಲಿ ತಂತಿ ಬ್ರಷ್ಷು, ಪಕ್ಕದಲ್ಲಿ ಸೋಪಿನ ಪುಡಿ ಕಲಸಿದ ಬಕೆಟ್ಟು. ಎಣ್ಣೆ, ಕುಂಕುಮ, ಮೇಲೊಂದು ಪದರ ಸುಣ್ಣ ಹೋಗುತ್ತಿದ್ದಂತೆ ಕೆಳಗಿನ ಪಟ್ಟಿಕೆಯ ಕುದುರೆ ಕಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬಕೆಟ್ಟಿನ ಪಕ್ಕ ಹರಿದ ನೀರು ಮಾತ್ರ ಬೂದುಬಣ್ಣಕ್ಕೆ ತಿರುಗಿತ್ತು. ಅದು ಕೊಳೆಯ ಬಣ್ಣವಲ್ಲ, ಬಳಪದ ಕಲ್ಲಿನ ಪುಡಿಯದು. ಬಳಪದ ಕಲ್ಲು ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಗಾಳಿಬಿಸಿಲಿಗೆ ನೂರಾರು ವರ್ಷ ಒಡ್ಡಿಕೊಂಡು ಮೇಲೆ ಕಟ್ಟಿದ ಗಟ್ಟಿ ಪದರವೇ ಅದರ ಕಾವಲು. ತಂತಿ ಬ್ರಷ್ಷು ಅದನ್ನೇ ಎತ್ತಿಬಿಡುತ್ತದೆ. ಅಕ್ಷರ ಇದ್ದರೆ ಅಂಚುಗಳು ಸವೆದು ಬ-ವ, ಪ-ಷ ಒಂದೇ ಆಗಿ ಕಾಣುತ್ತವೆ. ಎಂಟು ನೂರು ವರ್ಷ ಬಾಳಿದ ಬರಹಕ್ಕೆ ಒಂದು ಮಧ್ಯಾಹ್ನದಲ್ಲಿ ಆದ ನಷ್ಟವನ್ನು ಆಮೇಲೆ ಯಾರೂ ತುಂಬಿಕೊಡಲಾರರು.

ಆ ಮಕ್ಕಳ ತಪ್ಪಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದಕ್ಕೆ ಅರ್ಧ ಗಂಟೆ ಸಾಕು: ಒಣಗಿದ ಮೆದು ಬ್ರಷ್ಷು, ಬೇಕಾದರೆ ಬರಿ ನೀರು, ಅಷ್ಟೇ. ಎಣ್ಣೆ ಬಣ್ಣ ಬಳಿದಿದ್ದರೆ ಮುಟ್ಟದೆ ಬಿಡುವುದು. ತೊಳೆಯುವ ಮುಂಚೆ ಸಂಜೆಯ ಇಳಿಬಿಸಿಲು ಓರೆಯಾಗಿ ಬಿದ್ದಾಗ ಫೋಟೊ ತೆಗೆಯುವುದು. ನಡುಹಗಲಿನ ಬೆಳಕಿನಲ್ಲಿ ಕಾಣದ ಗೆರೆ ಆಗ ಎದ್ದು ಕಾಣುತ್ತದೆ. ಓದಿಸಬೇಕಿದ್ದರೆ ಗೊತ್ತಿದ್ದವರನ್ನು ಕರೆದು ಕಾಗದದ ಮೇಲೆ ಪಡಿಯಚ್ಚು ತೆಗೆಸುವುದು. ಕಲ್ಲನ್ನು ಇದ್ದ ಜಾಗದಿಂದ ಎಬ್ಬಿಸಿ ಕಟ್ಟೆ ಕಟ್ಟಿ ನಿಲ್ಲಿಸುವ ಮುನ್ನ ಎರಡು ಸಲ ಯೋಚಿಸುವುದು, ಏಕೆಂದರೆ ಅದು ನಿಂತ ಜಾಗವೂ ಚರಿತ್ರೆಯ ಒಂದು ಭಾಗ.

ಬೆಂಗಳೂರಿನವರು ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ಸುಮಾರು ಕ್ರಿ.ಶ. 750ರದ್ದೆಂದು ಗುರುತಿಸಲಾದ ಹೆಬ್ಬಾಳದ ಕಿತ್ತಯ್ಯನ ಶಾಸನದ ಕಲ್ಲು 2018ರಲ್ಲಿ ಚರಂಡಿ ಕೆಲಸದ ನಡುವೆ ಮತ್ತೆ ಸಿಕ್ಕಾಗ ಅದನ್ನು ಉಳಿಸಿದವರು ಉತ್ಸಾಹಿ ನಾಗರಿಕರು. ಜನರಿಂದಲೇ ಹಣ ಕೂಡಿಸಿ ಮಂಟಪ ಕಟ್ಟಿದರು. ಆಮೇಲೆ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ 2021ರಿಂದ ನಡೆಯುತ್ತಿದೆ. ಅವರು ಶುರುಮಾಡಿದ್ದು ಪುಸ್ತಕದಿಂದ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ಹಿಡಿದು, ಅಲ್ಲಿ ಹೇಳಿದ ಊರಿನ, ಅಲ್ಲಿ ಹೇಳಿದ ಹೊಲದಲ್ಲಿ ಆ ಕಲ್ಲು ಈಗಲೂ ಇದೆಯೇ ಎಂದು ಒಂದೊಂದಾಗಿ ಹುಡುಕಿದರು. ಆಗಿನ ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳಿವೆ. ಹರಿಹರ ಆಗ ಅದೇ ತಾಲ್ಲೂಕಿನಲ್ಲಿತ್ತು. ನಮ್ಮ ಕಾಲೇಜುಗಳಿಗೆ ಇದಕ್ಕಿಂತ ಒಳ್ಳೆಯ ಶಿಬಿರದ ವಿಷಯ ಇನ್ನೊಂದು ಸಿಗದು. ಪಾಠವೂ ಆಯಿತು, ಹಳ್ಳಿಯ ಪರಿಚಯವೂ ಆಯಿತು, ಕೊನೆಗೆ ಕೈಯಲ್ಲಿ ಉಳಿಯುವ ಒಂದು ದಾಖಲೆಯೂ ಆಯಿತು.

ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ, ಹಳೆಯದನ್ನು ಹೊಸದರಂತೆ ಮಾಡಬೇಡಿ, ದಿನದಿನವೂ ನೋಡಿಕೊಳ್ಳಿ ಎಂದು ವಾದಿಸಿತು. ಈಗಲೂ ಆ ಸಂಘ ನವೆಂಬರಿನಲ್ಲಿ ನಿರ್ವಹಣಾ ಸಪ್ತಾಹ ನಡೆಸಿ ಚಳಿಗಾಲಕ್ಕೆ ಮುಂಚೆ ಸೂರಿನ ದೋಣಿಯ ಕಸ ತೆಗೆಯಿರಿ ಎಂದು ಜನರಿಗೆ ಹೇಳುತ್ತದೆ. ನಮ್ಮ ಹವಾಮಾನಕ್ಕೆ ಆ ಸಪ್ತಾಹ ಬರಬೇಕಾದದ್ದು ಮೇ ತಿಂಗಳಲ್ಲಿ, ಮಳೆಗೆ ಮೊದಲು. ದಾವಣಗೆರೆಯ ಪಕ್ಕದ ಆನೆಕೊಂಡದ ಈಶ್ವರ ಗುಡಿಯಂಥ ಹಳೆಯ ಕಲ್ಲುಗುಡಿಯನ್ನು ಕೆಡವುವುದು ಸಿಡಿಲಲ್ಲ, ಮಾಳಿಗೆಯ ಸಂದಿನಲ್ಲಿ ಹುಟ್ಟಿದ ಒಂದು ಅರಳಿ ಸಸಿ. ಬೆರಳುದ್ದ ಇದ್ದಾಗ ಸಂಬಂಧಪಟ್ಟ ಇಲಾಖೆಗೆ ತಿಳಿಸಿ ತೆಗೆಸಿದರೆ ಮುಗಿಯಿತು. ನವೆಂಬರಿನ ಪರಂಪರೆ ಸಪ್ತಾಹದಲ್ಲಿ ಭಾಷಣ ಮಾಡುವ ಹೊತ್ತಿಗೆ ಅದು ಒಂದು ಮಳೆಗಾಲ ಕುಡಿದು ಬೇರು ಬಿಟ್ಟಿರುತ್ತದೆ.

ದಿನದಿನದ ಕೆಲಸ ಎಂದಾಗ ನನಗೆ ನೆನಪಾಗುವವರು ಕುಂದುವಾಡ ಕೆರೆಯ ಬೆಳಗಿನ ಮಂದಿ. ನಗರಕ್ಕೆ ಕುಡಿಯುವ ನೀರು ಕೊಡುವ ಆ ಕೆರೆಯ ಏರಿ ಮೇಲೆ ನಡೆಯಲು ಬರುವವರಲ್ಲಿ ಕೆಲವರು ಕ್ಯಾಮರಾ, ದುರ್ಬೀನು ಹಿಡಿದು ಹಕ್ಕಿ ನೋಡುತ್ತಾರೆ. ಯಾವ ಹಕ್ಕಿ ಯಾವ ತಿಂಗಳು ಬಂತು, ಎಲ್ಲಿ ಗೂಡು ಕಟ್ಟಿತು ಎಂಬುದು ಅವರಿಗೆ ಬಾಯಿಪಾಠ. ಸ್ಮಾರ್ಟ್ ಸಿಟಿ ಯೋಜನೆಗೆ ದಾವಣಗೆರೆ 2016ರ ಮೊದಲ ಪಟ್ಟಿಯಲ್ಲೇ ಆಯ್ಕೆಯಾಗಿ, ಆ ಹಣದಲ್ಲಿ ಕೆರೆಯ ಕಾಮಗಾರಿಗೆ ಕೈ ಹಾಕಿದಾಗ, ಕಲ್ಲು ಕಾಂಕ್ರೀಟು ಹೆಚ್ಚಿದರೆ ಹಕ್ಕಿಗಳ ಗತಿ ಏನು ಎಂಬ ಪ್ರಶ್ನೆ ಎದ್ದದ್ದು ಪರಿಸರಾಸಕ್ತರಿಂದಲೇ. ದಿನವೂ ನೋಡಿದವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಅವರಿಗೆ ಬ್ಯಾನರ್ ಇಲ್ಲ, ಅವರ ಕೆಲಸ ಯಾವ ವರದಿಗೂ ಹತ್ತುವುದಿಲ್ಲ. ಇಡೀ ವರ್ಷದ ಸೇವೆಯಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟ ಗುಂಪು ಅವರದೇ.

ದಾವಣಗೆರೆಗೆ ದಾನದ ದೊಡ್ಡ ಪರಂಪರೆಯಿದೆ. ಜಿಲ್ಲಾ ಆಸ್ಪತ್ರೆಗೆ ಇಂದಿಗೂ ಚಿಗಟೇರಿ ಮನೆತನದ ಹೆಸರು ನಿಂತಿದೆ. ಹಿಂದೆ ಕಟ್ಟಿಸಿದವರು ಕಟ್ಟಡದ ಜೊತೆಗೇ ಅದನ್ನು ನೋಡಿಕೊಳ್ಳುವ ದಾರಿಯನ್ನೂ ಯೋಚಿಸುತ್ತಿದ್ದರು. ಕನ್ನಡದ ಗುಡಿ ಶಾಸನಗಳನ್ನು ಓದಿದವರಿಗೆ ಗೊತ್ತು: ದೀಪಕ್ಕೆ, ನೈವೇದ್ಯಕ್ಕೆ ಬಿಟ್ಟ ಭೂಮಿಯ ಜೊತೆಯಲ್ಲಿ ಒಡೆದದ್ದು ಬಿರಿದದ್ದನ್ನು ಸರಿಮಾಡಿಸಲಿಕ್ಕೂ ದತ್ತಿ ಇರುತ್ತಿತ್ತು. ಕೆರೆ ಕಟ್ಟಿದವರಿಗೂ ಕಾಯುವವರಿಗೂ ಹೊಲ ಗದ್ದೆ ಬಿಡುತ್ತಿದ್ದರು. ಇಂದಿನ ದಾನಿಗಳು ಹೊಸ ಫಲಕಕ್ಕೆ, ಹೊಸ ಬಲೆಗೆ, ಟೋಪಿ ಟೀ-ಶರ್ಟಿಗೆ ಕೊಡುತ್ತಾರೆ. ಏಪ್ರಿಲ್ಲಿನ ನೀರಿನ ಟ್ಯಾಂಕರಿಗೆ ಕೊಡಿ ಎಂದರೆ ಹಿಂಜರಿಯುತ್ತಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ಗುಡಿಗಳ ಜೀರ್ಣೋದ್ಧಾರ ಮಾಡುತ್ತ ಬಂದಿರುವ ರೀತಿಯಲ್ಲಿ ಒಂದು ಒಳ್ಳೆಯ ಕ್ರಮವಿದೆ: ಸರ್ಕಾರವೂ ಟ್ರಸ್ಟೂ ಕೊಡುವುದರ ಜೊತೆಗೆ ಊರವರೂ ಒಂದು ಪಾಲು ಹಾಕಬೇಕು. ತಮ್ಮ ದುಡ್ಡು ಬಿದ್ದ ಗುಡಿಯ ಮಾಳಿಗೆಯನ್ನು ಊರವರು ಮರೆಯುವುದಿಲ್ಲ.

ಕೊನೆಯ ತಕರಾರು ಆಯ್ಕೆಯದು. ಪರಂಪರೆ ಎಂದಕೂಡಲೇ ನಮ್ಮ ಸ್ವಯಂಸೇವಕರ ಕಾಲು ಗುಡಿಯ ಕಡೆಗೆ ಹೋಗುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿದ ಹತ್ತಿಗಿರಣಿಗಳ ಬಗ್ಗೆ ಒಂದು ಶಿಬಿರ ನಡೆದದ್ದು ನಾನು ಕೇಳಿಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿಯುವವರ ಕಸುಬನ್ನು ಯಾರೂ ಪರಂಪರೆಯ ಪಟ್ಟಿಗೆ ಸೇರಿಸಿಲ್ಲ, ಊರಿಡೀ ಸಂಜೆ ತಿನ್ನುವುದು ಮಾತ್ರ ಅದನ್ನೇ. 1868ರಲ್ಲಿ ತುಂಗಭದ್ರೆಗೆ ಕಟ್ಟಿದ 14 ಕಮಾನಿನ ಕಲ್ಲು ಇಟ್ಟಿಗೆಯ ಸೇತುವೆ ಹರಿಹರದ ಮಟ್ಟಿಗೆ ಒಂದು ಸ್ಮಾರಕ. ಏಪ್ರಿಲ್ 18ರಂದು ಅದರ ಹತ್ತಿರ ಮಕ್ಕಳನ್ನು ಕರೆದೊಯ್ಯುವವರಿಲ್ಲ.

ಹರಿಹರೇಶ್ವರನ ಮಂಟಪದಲ್ಲಿ ನಿಂತವರು ಮೊದಲು ನೋಡುವುದು ಕಂಬಗಳನ್ನು. ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ, ನುಣ್ಣಗೆ, ಕಲ್ಲನ್ನು ತಿರುಗಿಸುತ್ತ ಕಡೆದವು ಅವು. ಆ ಗುಡಿ ಎದ್ದು ಏಳು ಶತಮಾನವಾದ ಮೇಲೆ, 1941ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ಅಲ್ಲಿ ತಯಾರಾದದ್ದು ಕಡೆಯುವ ಯಂತ್ರಗಳೇ, ಲೇತ್‌ಗಳು. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಹರಿಹರದ ಲೇತಿನ ಮೇಲೆ ಹುಡುಗರು ಕೆಲಸ ಕಲಿತರು. ಕಾರ್ಖಾನೆಯ ಕಾಲನಿಗೆ ಯಂತ್ರಪುರ ಎಂದೇ ಹೆಸರು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಮುಚ್ಚಿತು, ಊರಿನ ನಡು ಮುರಿಯಿತು. ಕಂಬ ಕಡೆದ ಕೈಗಳ ಹೆಸರು ನಮಗೆ ಸಿಗುವುದಿಲ್ಲ. ಲೇತ್ ಮಾಡಿದ ಕೈಗಳು ಇನ್ನೂ ಊರಿನಲ್ಲಿವೆ: ಅಚ್ಚು ಹೊಯ್ದವರು, ಬೆಡ್ಡು ಕೆರೆದು ಮಟ್ಟ ಮಾಡಿದವರು, ಗೇರು ಕತ್ತರಿಸಿದವರು, ಮುಷ್ಕರ ಮಾಡಿದವರು, ಬಾಕಿ ಹಣಕ್ಕೆ ಅಲೆದವರು. ಅನೇಕರು ಎಪ್ಪತ್ತು ದಾಟಿದ್ದಾರೆ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಪುರಾತತ್ವ ಇಲಾಖೆಯ ಅನುಮತಿ ಬೇಡ, ಅವರ ಒಪ್ಪಿಗೆ ಸಾಕು. ಖರ್ಚೆಂದರೆ ಬಸ್ ಚಾರ್ಜು. ಏಳು ದಿನದ ಒಂದು ಶಿಬಿರ, ಇಬ್ಬಿಬ್ಬರು ವಿದ್ಯಾರ್ಥಿಗಳ ತಂಡ, ತಂಡಕ್ಕೆ ಒಂದು ಮನೆ, ಮುಂದಿನ ವರ್ಷ ಅದೇ ಮನೆಗೆ ಮತ್ತೆ ಹೋಗಿ ಕೇಳಿ ಉಳಿದದ್ದನ್ನು ತುಂಬಿಸಿಕೊಳ್ಳುವುದು. ಈ ಡಿಸೆಂಬರಿನ ಶಿಬಿರದ ಪಟ್ಟಿಯಲ್ಲಿ ಸಸಿಗಿಂತ ಮೊದಲು ಇದನ್ನು ಬರೆದುಕೊಳ್ಳಬೇಕು.